ಕಂತು ಕಟ್ಟೋದೆಲ್ಲಾ ಸಂಘ ಅಲ್ಲ ಕಣ್ರಮ್ಮ

ನಮ್ಮ ಕಡೆ ಈಗ ಸಂಘ ಅಂದ್ರೆ ಏನು ಅಂತ ಯಾವ ಮಗೂನಾದ್ರೂ ಕೇಳಿ ನೋಡಿ. ವಾರಕ್ಕೊಂದು ದಿನ ಬೆಳಿಗ್ಗೆ ಬೈಕಲ್ಲಿ ಬ್ಯಾಗು ನೇತಾಕ್ಕೊಂಡು ಒಬ್ಬ ಹುಡುಗ ಬರ್ತಾನೆ, ಅವ್ವಂದಿರೆಲ್ಲಾ ಯಾರ್ದೋ ಮನೆ ಜಗಲಿ ಮೇಲೆ ಸಾಲಾಗಿ ಕೂತ್ಕೊಂಡು ದುಡ್ಡು ಎಣಿಸಿ ಕೊಡ್ತಾರೆ, ಅವ್ನು ಮೊಬೈಲಲ್ಲಿ ಒತ್ಕೊಂಡು ಹೋಗ್ತಾನೆ. ಅದೇ ಸಂಘ. ‘ಇವತ್ತು ಸಂಘ ಐತೆ’ ಅಂದ್ರೆ ಕಂತಿನ ದಿನ ಅಂತ ಅರ್ಥ. ‘ಎಷ್ಟು ಸಂಘ ಮಾಡಿದ್ದೀಯಮ್ಮ?’ ಅಂದ್ರೆ ಎಷ್ಟು ಕಡೆ ಸಾಲ ಐತೆ ಅಂತ ಅರ್ಥ. ‘ನಾಕು ಸಂಘ ಕಣಕ್ಕ’ ಅಂತ ಅವಳು ಹೇಳೋವಾಗ ಮುಖ ನೋಡ್ಬೇಕು ನೀವು.

ನನ್ನ ತಕರಾರು ಇರೋದು ಈ ಹೆಸರಿನ ಮೇಲೆ. ಸಾಲ ಕೊಡೋರು ಕೊಡ್ಲಿ, ಬೇಕಾದೋರು ತಗೊಳ್ಲಿ, ಮನೆ ಕಷ್ಟ ಅವರವರಿಗೇ ಗೊತ್ತು. ಆದ್ರೆ ಆ ವ್ಯಾಪಾರಕ್ಕೆ ಸಂಘ ಅನ್ನೋ ಹೆಸರಿಟ್ರಲ್ಲ, ಅದು ಕಳ್ಳತನ. ಹೆಸರಿನ ಜೊತೆ ಕೆಲಸಾನೂ ಹೋಯ್ತು. ನಮ್ಮ ಹೋಬಳೀಲಿ ಹತ್ತಾರು ಊರಲ್ಲಿ ನನ್ನ ನೆಂಟರಿದ್ದಾರೆ, ಎಲ್ಲಿ ಕೇಳಿದ್ರೂ ಅದೇ ಮಾತು: ‘ಸಂಘದ ಸವಾಸ ಬ್ಯಾಡ ಕಣವ್ವ, ಮಾನ ಹೋಗುತ್ತೆ.’ ಸಂಘ ಇದ್ದಿದ್ದೇ ಮಾನ ಉಳಿಸೋಕೆ ಅನ್ನೋದು ಮರ್ತೇ ಹೋಗೈತೆ.

(ಬೆಂಗಳೂರಲ್ಲಿರೋ ನೆಂಟ್ರಿಗೆ ಒಂದು ಮಾತು. ತಿಪ್ಪಸಂದ್ರ ಅಂದ ತಕ್ಷಣ ನಿಮಗೆ ಹೊಸ ತಿಪ್ಪಸಂದ್ರದ ಮಾರ್ಕೆಟ್ಟು ನೆನಪಾಗುತ್ತೆ. ಅದಲ್ಲ. ಮಾಗಡಿ ತಾಲೂಕಿನ ತಿಪ್ಪಸಂದ್ರ. ಅವರೆಕಾಯಿ ಬೇಕಾದಾಗ ನೆನಪಾಗುತ್ತಲ್ಲ, ಆ ಕಡೆ.)

ಸಂಘ ಅನ್ನೋ ಪದ ಬರೋಕೆ ಮುಂಚೆನೇ ಆ ಕೆಲಸ ನಮ್ಮಲ್ಲಿತ್ತು. ಅದಕ್ಕೆ ಮುಯ್ಯಾಳು ಅನ್ನೋರು. ಇವತ್ತು ನಿಮ್ಮ ಹೊಲದ ರಾಗಿ ಕಳೆಗೆ ನಾವು ಆರು ಜನ ಬಂದ್ವಿ, ನಾಳಿದ್ದು ನಮ್ಮ ಕುಯ್ಲಿಗೆ ನೀವು ಬನ್ನಿ. ಕೂಲಿ ಇಲ್ಲ, ಮಧ್ಯಾಹ್ನದ ಮುದ್ದೆ ಉಪ್ಸಾರು ಮಾತ್ರ. ಇದಕ್ಕೆ ಪುಸ್ತಕ ಇರ್ಲಿಲ್ಲ, ರುಜು ಇರ್ಲಿಲ್ಲ. ಯಾರ ಮನೇಲಿ ಬಾಣಂತನ, ಯಾರ ಮನೇಲಿ ಜ್ವರ ಅಂತ ನೋಡ್ಕೊಂಡು ಅವರ ಸರದೀನ ಮುಂದಕ್ಕೆ ಹಾಕೋರು. ನಮ್ಮತ್ತೆ ಹೇಳೋರು, ಒಂದು ವರ್ಷ ಅವರಿಗೆ ಹುಷಾರಿಲ್ದೆ ಮಲಗಿದಾಗ ಬೀದಿಯೋರೇ ಸೇರಿ ಎರಡು ದಿನದಲ್ಲಿ ರಾಗಿ ಕುಯ್ದು ಕಣಕ್ಕೆ ಹಾಕಿದ್ರಂತೆ. ಆ ಮುಯ್ಯಿ ತೀರಿಸೋಕೆ ಅತ್ತೆಗೆ ಎರಡು ವರ್ಷ ಹಿಡೀತಂತೆ. ಯಾರೂ ಬಂದು ಬಾಗಿಲಲ್ಲಿ ನಿಂತು ಕೇಳ್ಲಿಲ್ಲ.

ಈಗಿನ ಗುಂಪಲ್ಲಿರೋದು ಮುಯ್ಯಿ ಅಲ್ಲ, ಜಾಮೀನು. ಐದರಿಂದ ಹತ್ತು ಜನ ಹೆಂಗಸ್ರನ್ನ ಒಂದು ಗುಂಪು ಅಂತ ಕೂರಿಸಿ ಒಬ್ಬರಿಗೊಬ್ಬರು ಜಾಮೀನು ಅಂತ ರುಜು ಹಾಕಿಸ್ಕೊಳ್ತಾರೆ. ಒಬ್ಬಳು ಕಟ್ಲಿಲ್ಲ ಅಂದ್ರೆ ಮಿಕ್ಕೋರು ಕಟ್ಬೇಕು. ಎಲ್ಲಾ ಕಟ್ಟೋವರೆಗೂ ಯಾರೂ ಎದ್ದೋಗಂಗಿಲ್ಲ ಅಂತ ಕೂರಿಸ್ಕೊಂಡಿರೋದೂ ಉಂಟು. ಒಲೆ ಮೇಲೆ ಅನ್ನ ಐತೆ, ಕೊಟ್ಟಿಗೇಲಿ ಹಸು ಅರಚ್ತಾ ಐತೆ, ಇವಳು ಜಗಲಿ ಮೇಲೆ ಕೂತಿರ್ತಾಳೆ. ಆಗ ಆ ಹುಡುಗ ಬಾಯಿ ತೆಗೆಯೋದೇ ಬ್ಯಾಡ. ಅವನ ಕೆಲಸಾನ ಪಕ್ಕದ್ಮನೆಯೋಳೇ ಮಾಡ್ತಾಳೆ. ಎರಡು ವರ್ಷದ ಹಿಂದೆ ನಮ್ಮ ಬೀದೀಲೇ ನೋಡಿದ್ದೀನಿ. ಗಂಡನ್ನ ಆಸ್ಪತ್ರೆಗೆ ಸೇರಿಸಿ ಬಂದಿದ್ದ ಹೆಣ್ಣುಮಗಳ ಮನೆ ಮುಂದೆ ಅವಳ ಗುಂಪಿನೋರೇ ಹೋಗಿ ನಿಂತ್ಕೊಂಡು, ‘ನಿನ್ನಿಂದ ನಮ್ಗೆಲ್ಲಾ ತೊಂದ್ರೆ’ ಅಂತ ಕೂಗಾಡಿದ್ರು. ಹಬ್ಬಕ್ಕೆ ಒಟ್ಟಿಗೆ ಒಬ್ಬಟ್ಟು ತಟ್ಟಿದ ಕೈಗಳು ಅವು. ಆ ಕಂಪನಿ ಹೆಸರು ನಾನು ಬರೆಯಲ್ಲ, ಒಂದಲ್ಲ ಒಂದು ಕಂಪನಿ, ಎಲ್ಲಾ ಒಂದೇ ಥರ. ಆ ಹೆಣ್ಣುಮಗಳು ಈಗಲೂ ಹಾಲು ಹಾಕೋಕೆ ಡೈರಿಗೆ ಬರೋವಾಗ ಆ ಬೀದಿ ಬಿಟ್ಟು ಸುತ್ಕೊಂಡು ಬರ್ತಾಳೆ.

ನೋಡ್ರಮ್ಮ, ಸಾಲ ಹೋದ್ರೆ ಸಾಲ. ಒಂದು ಬೀದೀಲಿ ಇಬ್ಬರು ಹೆಂಗಸ್ರು ಮಾತು ಬಿಟ್ರೆ ಅದನ್ನ ಯಾವ ಬ್ಯಾಂಕು ವಾಪಸ್ಸು ಕೊಡುತ್ತೆ?

ನಿಜವಾದ ಸಂಘ ಹೆಂಗೆ ಹುಟ್ತು ಅನ್ನೋ ಕತೆ ನಮ್ಮ ಕರ್ನಾಟಕದ್ದೇ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೈರಾಡ ಅಂತ ಒಂದು ಸಂಸ್ಥೆ. 1968ರಲ್ಲಿ ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡ್ಕೊಡೋಕೆ ಅಂತ ಶುರುವಾಗಿದ್ದು. ಆಮೇಲೆ ನಮ್ಮ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸ್ತಿದ್ರು. 1984–85ರ ಹೊತ್ತಿಗೆ ಆ ದೊಡ್ಡ ಸಂಘಗಳು ಒಡೆದು ಹೋದ್ವು. ನೂರಾರು ಜನ ಇರೋ ಕಡೆ ಇನ್ನೇನಾಗುತ್ತೆ, ನಾಲ್ಕು ಜನ ಬಾಯಿದ್ದೋರು ಕುರ್ಚಿ ಹಿಡ್ಕೊಂಡ್ರು. ಆಗ ಸಣ್ಣ ಸಣ್ಣ ಗುಂಪಿನ ಜನ ಮೈರಾಡದೋರ ಹತ್ರ ಬಂದು, ನಾವು ತಗೊಂಡ ಸಾಲ ವಾಪಸ್ಸು ಕಟ್ತೀವಿ, ಆದ್ರೆ ಆ ದೊಡ್ಡ ಸಂಘಕ್ಕೆ ಮಾತ್ರ ಕಟ್ಟಲ್ಲ, ನಿಮಗೇ ಕೊಡ್ತೀವಿ ಅಂದ್ರಂತೆ. ನಮಗೆ ಬ್ಯಾಡ, ನಿಮ್ಮ ಗುಂಪಿಗೇ ಕಟ್ಕೊಳ್ಳಿ, ನೀವೇ ಇಟ್ಕೊಂಡು ನೀವೇ ನಡೆಸಿ ಅಂತ ಮೈರಾಡದೋರು ಹೇಳಿದ್ರು. ಆ ಒಂದು ಮಾತಿನಿಂದ ಸ್ವಸಹಾಯ ಗುಂಪು ಅನ್ನೋದು ಬಂತು. 1987ರಲ್ಲಿ ನಬಾರ್ಡು ಇದನ್ನ ನೋಡಿ ಹತ್ತು ಲಕ್ಷ ರೂಪಾಯಿ ಕೊಡ್ತು, 1992ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕಿಂದ ಸಾಲ ಕೊಡಿಸೋ ಯೋಜನೆ ದೇಶಕ್ಕೆಲ್ಲಾ ಬಂತು. ನಮ್ಮ ರಾಜ್ಯದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಅಂತ ಮಾಡಿ ಅಂಗನವಾಡಿ ಟೀಚರಮ್ಮಂದಿರ ಕೈಲಿ ಊರೂರಲ್ಲೂ 15–20 ಜನರ ಗುಂಪು ಕಟ್ಟಿಸಿದ್ರು. ನಿಮ್ಮಲ್ಲಿ ಎಷ್ಟೋ ಜನ ಮೊದಲ ಸಲ ರುಜು ಹಾಕೋಕೆ ಕಲಿತಿದ್ದು ಆ ಪುಸ್ತಕದಲ್ಲೇ ಅಲ್ವಾ?

ಗಮನಿಸಿ, ಈ ಕತೇಲಿ ಎಲ್ಲೂ ಹೊರಗಿಂದ ಬೈಕಲ್ಲಿ ಬರೋ ಹುಡುಗ ಇಲ್ಲ. ದುಡ್ಡು ನಮ್ದು, ಪುಸ್ತಕ ನಮ್ದು, ಯಾರಿಗೆ ಕೊಡ್ಬೇಕು ಅನ್ನೋ ತೀರ್ಮಾನ ನಮ್ದು, ಬಡ್ಡಿ ಬಂದ್ರೆ ಅದೂ ಊರಲ್ಲೇ ಉಳೀತು. ಬೆರಳಲ್ಲೇ ಲೆಕ್ಕ ಹಾಕಿ. ಹದಿನೈದು ಜನ ವಾರಕ್ಕೆ 50 ರೂಪಾಯಿ ಹಾಕಿದ್ರೆ ವಾರಕ್ಕೆ 750, ವರ್ಷಕ್ಕೆ 39,000. ಅದನ್ನೇ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡೀಲಿ ನಮ್ಮೊಳಗೇ ತಿರುಗಿಸಿದ್ರೆ ಒಬ್ಬಳ ಮಗಳ ಫೀಸು, ಇನ್ನೊಬ್ಬಳ ಹಸುವಿನ ಬೂಸ, ಮತ್ತೊಬ್ಬಳ ಆಸ್ಪತ್ರೆ ಎಲ್ಲಾ ಆಗುತ್ತೆ. ಕಂಪನಿ ಸಾಲಕ್ಕೆ ಎರಡು ರೂಪಾಯಿ ಆಜುಬಾಜು ಬೀಳುತ್ತೆ, ಆ ಬಡ್ಡಿ ಮಾಗಡಿ ದಾಟಿ ಎಲ್ಲಿಗೆ ಹೋಗುತ್ತೋ ನಮಗೆ ಗೊತ್ತಾಗೋದೇ ಇಲ್ಲ.

‘ಮೂವತ್ತೊಂಬತ್ತು ಸಾವಿರದಲ್ಲಿ ಮಗಳ ಮದುವೆ ಆಗುತ್ತೇನಮ್ಮ?’ ಅಂತ ಕೇಳೋರಿದ್ದೀರಿ, ನಮ್ಮ ಚಿಕ್ಕವ್ವನೇ ಕೇಳಿದ್ರು. ಆಗಲ್ಲ. ದೊಡ್ಡ ಖರ್ಚಿಗೆ ಹೊರಗಡೆ ಸಾಲ ಬೇಕೇ ಬೇಕು. ಆದ್ರೆ ಆ ಸಾಲ ತಗೊಳ್ಳೋವಾಗ ನಿಮ್ಮ ಹಿಂದೆ ಹದಿನೈದು ಜನ ಇದ್ದಾರಾ, ಇಲ್ಲಾ ನಿಮ್ಮ ಮೇಲೆ ಹತ್ತು ಜನ ಇದ್ದಾರಾ ಅನ್ನೋದೇ ಪ್ರಶ್ನೆ. ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮ ಒಂದು ಐತೆ. ಇಂಥ ಸಾಲ ಕೊಡೋವಾಗ ಮನೇಲಿರೋ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರ್ದು. ವಸೂಲಿಯೋರು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಫೋನ್ ಮಾಡಂಗಿಲ್ಲ. ಬೆದರಿಸಂಗಿಲ್ಲ, ಕೆಟ್ಟ ಮಾತಾಡಂಗಿಲ್ಲ. 2025ರ ಶುರುವಲ್ಲಿ ಚಾಮರಾಜನಗರ, ಮೈಸೂರು ಕಡೆ ಸಾಲಕ್ಕೆ ಹೆದರಿ ಮನೆಗೆ ಬೀಗ ಹಾಕ್ಕೊಂಡು ಊರು ಬಿಟ್ಟೋರ ಸುದ್ದಿ ದಿನಾ ಪೇಪರಲ್ಲಿ ಬರ್ತಿತ್ತಲ್ಲ, ಆಮೇಲೆ ನಮ್ಮ ಸರ್ಕಾರ ಫೆಬ್ರವರೀಲಿ ಸುಗ್ರೀವಾಜ್ಞೆ ತಂತು. ಬಲವಂತದ ವಸೂಲಿ ಮಾಡಿದ್ರೆ ಹತ್ತು ವರ್ಷದವರೆಗೂ ಜೈಲು, ಐದು ಲಕ್ಷದವರೆಗೂ ದಂಡ.

ಇಷ್ಟೆಲ್ಲಾ ಐತೆ. ನಮ್ಮ ಬೀದೀಲಿ ಯಾರಿಗೆ ಗೊತ್ತಿತ್ತು? ಆಸ್ಪತ್ರೆಯಿಂದ ಬಂದ ಆ ಹೆಣ್ಣುಮಗಳಿಗೆ ರಾತ್ರಿ ಎಂಟಕ್ಕೆ ಫೋನ್ ಬಂದಾಗ ‘ಆರರ ಮೇಲೆ ಮಾಡಂಗಿಲ್ಲ ಕಣಪ್ಪ’ ಅನ್ನೋಕೆ ಅವಳ ಪಕ್ಕ ಒಬ್ಬಳು ಬೇಕಿತ್ತು. ಅದು ಸಂಘದ ಕೆಲಸ. ಕಾನೂನು ಬೆಂಗಳೂರಲ್ಲಿ ಆಗುತ್ತೆ, ಅದನ್ನ ಜಗಲಿವರೆಗೂ ನಡೆಸ್ಕೊಂಡು ಬರೋಕೆ ಊರಲ್ಲಿ ಕಾಲು ಬೇಕು.

ಸಾಲದ ಮಾತು ಇಲ್ಲಿಗೆ ಸಾಕು. ಸಂಘ ಅಂದ್ರೆ ಬರೀ ಸಾಲ ಅನ್ನೋ ಹಂಗೆ ನಾನೂ ಮಾತಾಡ್ತಾ ಕೂತ್ರೆ ಅವರೇ ಗೆದ್ದಂಗಾಯ್ತು.

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ನಮ್ಮದು ಬೆಂಗಳೂರು ಗ್ರಾಮಾಂತರ ಜಿಲ್ಲೆ. 2007ರಲ್ಲಿ ರಾಮನಗರ ಜಿಲ್ಲೆ ಆಯ್ತು. 2025ರಲ್ಲಿ ಅದರ ಹೆಸರೂ ಹೋಗಿ ಬೆಂಗಳೂರು ದಕ್ಷಿಣ ಅಂತಾಯ್ತು. ಬೋರ್ಡು ಬರೆಯೋರಿಗೆ ಕೆಲಸ ಸಿಕ್ತು, ಸಂತೋಷ. ನಮ್ಮ ಬೀದಿ ಚರಂಡಿ ಮೂರು ಜಿಲ್ಲೆ ನೋಡೈತೆ, ಮೂರರಲ್ಲೂ ಹಂಗೇ ಕಟ್ಕೊಂಡಿತ್ತು. ಅದು ಬಿಚ್ಕೊಂಡಿದ್ದು ಹೆಂಗೆ ಗೊತ್ತಾ? ಏಳು ಜನ ಹೆಂಗಸ್ರು ವಾರ್ಡ್ ಸಭೆಗೆ ಹೋಗಿ ಕೂತ್ಕೊಂಡ್ವಿ, ಅಷ್ಟೇ.

ವಾರ್ಡ್ ಸಭೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೆಂಗಸ್ರಿಗೆ ಇದನ್ನ ಯಾರೂ ಹೇಳ್ಕೊಡಲ್ಲ. ನಮ್ಮ ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಅದರ ಪ್ರಕಾರ ಆರು ತಿಂಗಳಿಗೊಂದು ಸಲನಾದ್ರೂ ವಾರ್ಡ್ ಸಭೆ ಮಾಡ್ಬೇಕು. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ, ಇಲ್ಲಾ 20 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇರ್ಲೇಬೇಕು. ಬಂದೋರಲ್ಲಿ ನೂರಕ್ಕೆ ಮೂವತ್ತು ಜನನಾದ್ರೂ ಆದಷ್ಟೂ ಹೆಂಗಸ್ರಿರ್ಬೇಕು. ಮನೆ ಯಾರಿಗೆ, ಚರಂಡಿ ಎಲ್ಲಿಗೆ, ಬೀದಿ ದೀಪ ಯಾವ ಕಂಬಕ್ಕೆ ಅನ್ನೋ ಪಟ್ಟಿ ಅಲ್ಲಿಂದಲೇ ಗ್ರಾಮಸಭೆಗೆ ಹೋಗೋದು. ನಮ್ಮಂಥ ಊರಲ್ಲಿ ಆ ಸಭೆ ಹೆಂಗೆ ನಡೆಯೋದು? ಟೀ ಅಂಗಡಿ ಹತ್ರ ನಾಲ್ಕು ಗಂಡಸ್ರು, ಮಿಕ್ಕಿದ ರುಜು ಮನೆ ಮನೆಗೆ ಹೋಗಿ. ಹದಿನೈದು ಜನರ ಒಂದು ಸಂಘ ಎದ್ದು ಹೋದ್ರೆ ಸಭೆಯ ಮುಕ್ಕಾಲು ಪಾಲು ನಾವೇ ಆಗ್ತೀವಿ ಅನ್ನೋ ಲೆಕ್ಕ ಯಾರೂ ಹಾಕಿರ್ಲಿಲ್ಲ. ನಾವು ಹೋಗಿದ್ದು ಏಳು ಜನ. ಅಷ್ಟಕ್ಕೇ ಕುರ್ಚಿ ಸಾಲ್ದೇ ಅಂಗನವಾಡಿಯಿಂದ ತಂದ್ರು. ಒಬ್ಬಳೇ ಹೋಗಿದ್ರೆ ‘ಏನಮ್ಮ, ಯಜಮಾನ್ರು ಬರ್ಲಿಲ್ವಾ?’ ಅಂತ ಕೇಳಿ ಕಳಿಸಿರೋರು. ಏಳು ಜನಕ್ಕೆ ಆ ಪ್ರಶ್ನೆ ಕೇಳೋಕಾಗಲ್ಲ.

ಮೆಂಬರಮ್ಮಂದಿರ ವಿಷ್ಯಾನೂ ಅಷ್ಟೇ. 2010ರಿಂದ ಪಂಚಾಯ್ತಿ ಸೀಟಲ್ಲಿ ಅರ್ಧ ನಮಗೆ. ಗೆದ್ದೋಳು ಆಕೆ, ಮೀಟಿಂಗಿಗೆ ಹೋಗೋನು ಆಕೆ ಗಂಡ, ನಾವೆಲ್ಲಾ ನೋಡಿ ನಕ್ಕಿದ್ದೀವಿ. ನಗೋ ಬದಲು ಒಂದು ಸಲ ನಾಲ್ಕು ಜನ ಆಕೆ ಜೊತೆ ಪಂಚಾಯ್ತಿ ಬಾಗಿಲವರೆಗೂ ಹೋದ್ರೆ, ಆಕೆ ಕುರ್ಚೀಲಿ ಆಕೆನೇ ಕೂರ್ತಾಳೆ. ಸಂಘದ ಬಲ ಅಂದ್ರೆ ಮೈಕು ಹಾಕಿ ಭಾಷಣ ಮಾಡೋದಲ್ಲ. ಹೆದರಿರೋಳ ಪಕ್ಕ ನಡ್ಕೊಂಡು ಹೋಗೋದು.

ದೊಡ್ಡ ಕೆಲಸಾನೂ ಇದೇ ಥರ ಆಗಿರೋದು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆ ದೂಬಗುಂಟದ ಹೆಂಗಸ್ರು ರಾತ್ರಿ ಅಕ್ಷರ ಕಲಿಯೋಕೆ ಕೂತಿದ್ದೋರು. ಓದ್ತಾ ಓದ್ತಾ ನಮ್ಮೂರ ಸಾರಾಯಿ ಅಂಗಡಿ ಯಾಕಿರ್ಬೇಕು ಅಂತ ಎದ್ದು ಹೋಗಿ ಮುಚ್ಚಿಸಿದ್ರು. ಅದು ಊರಿಂದೂರಿಗೆ ಹಬ್ಬಿ ಮಾರನೇ ವರ್ಷ ಅಕ್ಟೋಬರಲ್ಲಿ ಆ ರಾಜ್ಯದಲ್ಲೇ ಸಾರಾಯಿ ನಿಂತೋಯ್ತು. ನಮ್ಮಲ್ಲಿ 2007ರ ಜುಲೈ ಒಂದರಿಂದ ಸಾರಾಯಿ ನಿಷೇಧ ಬಂತು. ಅದರ ಹಿಂದೇನೂ ಊರೂರಿನ ಹೆಂಗಸ್ರ ಕಣ್ಣೀರು, ಕೂಗಾಟ ಎಲ್ಲಾ ಇತ್ತು. ಸಾರಾಯಿ ಹೋಯ್ತು, ಚಿಲ್ಲರೆ ಅಂಗಡಿ ಹಿಂದೆ ಬ್ರಾಂದಿ ಪಾಕೀಟು ಬಂತು, ಅದೂ ನಿಜ. ಅದಕ್ಕೇ ಹೇಳೋದು, ಸಂಘ ಒಂದು ಸಲ ಗೆದ್ದು ಮನೆಗೆ ಹೋಗಿ ಮಲಗೋ ಕೆಲಸ ಅಲ್ಲ.

ಈಗ ಒಂದು ಮಾತು ಬರುತ್ತೆ, ನಮ್ಮ ಮಾಗಡಿಯೋರು ಹೇಳೇ ಹೇಳ್ತಾರೆ. ‘ಸಾಲುಮರದ ತಿಮ್ಮಕ್ಕನಿಗೆ ಯಾವ ಸಂಘ ಇತ್ತಮ್ಮ?’ ಹುಲಿಕಲ್ಲಿನ ಆ ತಾಯಿ, ಗಂಡ ಚಿಕ್ಕಯ್ಯನೋರ ಜೊತೆ ಸೇರ್ಕೊಂಡು ಕುದೂರಿನ ರಸ್ತೇಲಿ 385 ಆಲದ ಗಿಡ ನೆಟ್ಟು, ಬಿಂದಿಗೇಲಿ ನೀರು ಹೊತ್ತು, ಮುಳ್ಳು ಕಟ್ಟಿ ದನದ ಬಾಯಿಂದ ಕಾದೋರು. 2019ರಲ್ಲಿ ಪದ್ಮಶ್ರೀ ಬಂತು, 2025ರ ನವೆಂಬರಲ್ಲಿ ಹೊರಟುಹೋದ್ರು. ಕೂಲಿ ಮಾಡೋ ಗಂಡ ಹೆಂಡ್ತಿ ಇಬ್ಬರೇ, ಯಾರ ಅಪ್ಪಣೇನೂ ಕೇಳ್ದೆ, ಯಾರ ಚೆಕ್ಕಿಗೂ ಕಾಯ್ದೆ ಮಾಡಿದ್ರು, ಒಪ್ತೀನಿ. ಆದ್ರೆ ಊರಿಗೊಬ್ಬರು ತಿಮ್ಮಕ್ಕ ಹುಟ್ತಾರಾ? ನಮ್ಮ ನಿಮ್ಮಂಥೋರು, ಮೊಣಕಾಲು ನೋವಿರೋರು, ಅತ್ತೆ ಕರೆದ್ರೆ ಓಡ್ಬೇಕಾದೋರು, ಒಬ್ಬೊಬ್ಬರು ಒಂದು ಬಿಂದಿಗೆ ಹೊತ್ತರೆ ಎಷ್ಟು ಗಿಡ ಉಳೀತವೆ ಅಂತ ಯೋಚ್ನೆ ಮಾಡಿ. ಇನ್ನೊಂದು, 2019ರಲ್ಲಿ ರಸ್ತೆ ಅಗಲ ಮಾಡೋಕೆ ಆ ಮರಗಳಿಗೇ ಕುತ್ತು ಬಂದಾಗ ಆ ವಯಸ್ಸಲ್ಲಿ ತಿಮ್ಮಕ್ಕನೇ ಹೋಗಿ ಮುಖ್ಯಮಂತ್ರಿಗಳನ್ನ ಕೇಳ್ಕೋಬೇಕಾಯ್ತು. ನೂರು ದಾಟಿದ ಆ ಜೀವ ಯಾಕೆ ಹೋಗ್ಬೇಕಿತ್ತು? ಆ ನೆರಳಲ್ಲಿ ಓಡಾಡೋ ನಾವೆಲ್ಲಾ ಎಲ್ಲಿದ್ವಿ? ಒಬ್ಬರು ನೆಡಬಹುದು. ಕಾಯೋಕೆ ಜನ ಬೇಕು.

ನಮ್ಮ ಸಂಘಗಳಲ್ಲಿ ಹುಳುಕಿಲ್ವಾ? ರಾಶಿ ಐತೆ. ಅಧ್ಯಕ್ಷೆ ಆದೋಳು ಪುಸ್ತಕಾನ ಬೀರುವಲ್ಲಿಟ್ಟು ಬೀಗ ಹಾಕ್ತಾಳೆ. ಎಲೆಕ್ಷನ್ ಬಂದ್ರೆ ಸಂಘದೋರನ್ನ ಬಸ್ಸಿಗೆ ತುಂಬ್ತಾರೆ, ಒಂದು ಸೀರೆ, ಒಂದು ಪೊಟ್ಟಣ ಚಿತ್ರಾನ್ನ, ಬಿಸಿಲಲ್ಲಿ ಮೂರು ಗಂಟೆ ಚಪ್ಪಾಳೆ. ನಮ್ಮನ್ನ ಲೆಕ್ಕಕ್ಕೆ ತಲೆ ಅಂತ ಎಣಿಸೋರಿಗೂ ಕಂತಿನ ಹುಡುಗನಿಗೂ ನಂಗೇನೂ ವ್ಯತ್ಯಾಸ ಕಾಣಲ್ಲ.

ಅದಕ್ಕಿಂತ ದೊಡ್ಡ ಹುಳುಕು ಇನ್ನೊಂದು, ಕೋಪ ಮಾಡ್ಕೋಬೇಡಿ. ನಮ್ಮ ಸಂಘಗಳು ಬೀದಿಗೊಂದು, ಕೇರಿಗೊಂದು. ನಮ್ಮೋರದ್ದು ನಮ್ಗೆ, ಕಾಲೋನಿಯೋರದ್ದು ಅವರಿಗೆ. ‘ಗೊತ್ತಿರೋರ ಜೊತೆ ಇರೋಣ’ ಅಂತ ನಯವಾಗಿ ಹೇಳ್ತೀವಿ. ನೀರಿನ ಪೈಪು ಮಾತ್ರ ಎಲ್ಲರಿಗೂ ಒಂದೇ, ಟ್ಯಾಂಕಿಂದ ಹೊರಟು ನಮ್ಮ ಬೀದಿ ಸುತ್ತಿ ಕೊನೇಲಿ ಕಾಲೋನಿಗೆ ಹೋಗುತ್ತೆ. ಬೇಸಿಗೇಲಿ ಕರೆಂಟು ಕೈಕೊಟ್ರೆ ನಮಗೆ ಎರಡು ಬಿಂದಿಗೆ ಕಡಿಮೆ, ಅಲ್ಲಿ ನಲ್ಲಿ ಒಣಗಿರುತ್ತೆ. ವಾರ್ಡ್ ಸಭೇಲಿ ಮೊದಲು ನೀರಿನ ಮಾತೆತ್ತಿದ್ದು ಕಾಲೋನಿ ಸಂಘದೋರು. ಆಗ ನಮ್ಮ ಕಡೆ ಸಾಲಿಂದ ಒಬ್ಬರೇ ಒಬ್ಬರು, ನಮ್ಮ ಎದುರುಮನೆ ಅತ್ತಿಗೆ, ಎದ್ದು ನಿಂತು ‘ಹೌದು, ವಾಲ್ವು ದಿನ ಬಿಟ್ಟು ದಿನ ಆ ಕಡೆಗೆ ಮೊದ್ಲು ಬಿಡ್ರಪ್ಪ’ ಅಂದ್ರು. ನೀರು ಬಿಡೋನು ತಲೆ ಕೆರ್ಕೊಂಡ, ನಮ್ಮ ಬೀದೀಲಿ ಎರಡು ದಿನ ಗೊಣಗಾಟ, ಆಮೇಲೆ ಹಂಗೇ ನಡೀತಾ ಐತೆ. ಸಂಘ ಊರನ್ನ ಗಟ್ಟಿ ಮಾಡುತ್ತೆ ಅಂತ ನಾನು ಹೇಳಿದ್ರೆ ಆ ಅತ್ತಿಗೆ ಎದ್ದು ನಿಂತಿದ್ದನ್ನ ಹೇಳ್ತಿರೋದು. ತಮ್ಮ ಬೀದಿಗಷ್ಟೇ ಕೇಳೋ ಸಂಘ ಊರನ್ನ ಇನ್ನೂ ಸೀಳುತ್ತೆ, ಗಟ್ಟಿ ಮಾಡಲ್ಲ.

‘ಸಂಬಳ ಇಲ್ದೆ ಯಾರಮ್ಮ ಮಾಡ್ತಾರೆ ಇದ್ನೆಲ್ಲಾ?’ ಅಂತ ನಮ್ಮ ಮನೆಯೋರೇ ಕೇಳ್ತಾರೆ. ಗಣೇಶನ ಹಬ್ಬಕ್ಕೆ ಯುವಕರ ಸಂಘ ಅಂತ ಚಂದಾ ಎತ್ತಿ ಹದಿನೈದು ದಿನ ಪೆಂಡಾಲಲ್ಲೇ ಬಿದ್ದಿರ್ತಾರಲ್ಲ, ಅವರಿಗೆ ಯಾರು ಸಂಬಳ ಕೊಟ್ರು? ಹೆಂಗಸ್ರು ವಾರಕ್ಕೊಂದು ಗಂಟೆ ಕೂತ್ರೆ ‘ಬೀದಿ ಅಲೀತಾವೆ’. ಕೆಲವು ಪಂಚಾಯ್ತಿಗಳಲ್ಲಿ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳೇ ಕಸದ ಗಾಡಿ ಓಡಿಸೋಕೆ ಕಲಿತು, ಸ್ವಚ್ಛ ವಾಹಿನಿ ತಗೊಂಡು ಮನೆ ಮನೆಗೆ ಬರ್ತಾರೆ. ಅವರಿಗೆ ಸಂಬಳ ಐತೆ, ಇರ್ಲೇಬೇಕು. ಅದು ಉದ್ಯೋಗ. ಎಲ್ಲದನ್ನೂ ‘ಸೇವೆ’ ಅಂತ ಹೆಂಗಸ್ರ ತಲೆಗೆ ಕಟ್ಟೋ ಬುದ್ಧಿವಂತಿಕೆನೂ ನಂಗೆ ಬ್ಯಾಡ. ದಿನಾ ಮಾಡೋ ಕೆಲಸಕ್ಕೆ ಕೂಲಿ ಕೊಡಿ. ನಾನು ಪುಕ್ಕಟೆ ಕೇಳ್ತಿರೋದು ವಾರಕ್ಕೆ ಒಂದು ಗಂಟೆ, ಅಷ್ಟೇ.

ಆ ಗಂಟೆಗೆ ಹಳೇ ಸ್ತ್ರೀಶಕ್ತಿ ಪುಸ್ತಕ ಹುಡುಕಿಟ್ಟಿದ್ದೀನಿ, ಕೊನೇ ಮೂವತ್ತು ಹಾಳೆ ಖಾಲಿ ಐತೆ. ಗುರುವಾರ ಸಂಜೆ, ಹಾಲು ಹಾಕಿ ಬಂದ ಮೇಲೆ, ಅಂಗನವಾಡಿ ಮುಂದಿನ ಕಟ್ಟೆ. ಮನೆ ಜಗಲಿ ಬ್ಯಾಡ ಅಂತ ಬೇಕೂಂತಲೇ ಹೇಳ್ತಿದ್ದೀನಿ, ಕಾಲೋನಿಯೋರು ಯಾರ ಜಗಲೀಗೆ ಬರ್ತಾರೆ, ಯಾರ ಜಗಲೀಗೆ ಬರಲ್ಲ ನಮಗೆಲ್ಲಾ ಗೊತ್ತು. ಮೊದಲ ಕೆಲಸ, ಯಾರ್ಯಾರು ಎಷ್ಟೆಷ್ಟು ಕಡೆ ಕಂತು ಕಟ್ತಿದ್ದೀವಿ ಅಂತ ಒಂದು ಹಾಳೇಲಿ ಬರೆಯೋದು. ನಾಚ್ಕೋಬೇಡಿ. ಎರಡನೇದು, ಮುಂದಿನ ವಾರ್ಡ್ ಸಭೆ ಯಾವತ್ತು ಅಂತ ಪಂಚಾಯ್ತೀಲಿ ಬರವಣಿಗೇಲಿ ಕೇಳೋದು. ಎದುರುಮನೆ ಅತ್ತಿಗೆ ಅರ್ಜಿ ಬರೀತಾರಂತೆ, ಅವರ ಅಕ್ಷರ ಚೆನ್ನಾಗೈತೆ. ಡೈರಿಗೆ ಸುತ್ಕೊಂಡು ಬರ್ತಾಳಲ್ಲ ಆ ಹೆಣ್ಣುಮಗಳು, ಅವಳ ಮನೆಗೆ ಕರೆಯೋಕೆ ನಾನು ಹೋಗ್ತೀನಿ. ಅವತ್ತು ಅವಳ ಬಾಗಿಲಲ್ಲಿ ಕೂಗಾಡಿದೋರಲ್ಲಿ ಯಾರಾದ್ರೂ ಒಬ್ಬರು ನನ್ನ ಜೊತೆ ಬಂದ್ರೆ ಒಳ್ಳೇದು.